ಸುಣ್ಣದ ಸೀಮೆಯಲ್ಲಿ ನಳ ರಿಪೇರಿ

ಕಲಬುರಗಿಯ ಬಹಳಷ್ಟು ಮನೆಗಳ ಅಡುಗೆಮನೆಯಲ್ಲಿ ಎರಡು ನೀರು ಇರುತ್ತವೆ. ಒಂದು ನಳದ್ದು, ಅಂದರೆ ಪಾಲಿಕೆ ಬಿಡುವ ಹೊಳೆ ನೀರು. ಇನ್ನೊಂದು ಬೋರಿನದು. ಕೊಡ ಬೇರೆ, ತಂಬಿಗೆ ಬೇರೆ. ಬೇಳೆಗೆ, ಚಹಾಕ್ಕೆ, ಕುಡಿಯೋದಕ್ಕೆ ನಳದ ನೀರು. ಪಾತ್ರೆ, ಬಟ್ಟೆ, ಸ್ನಾನಕ್ಕೆ ಬೋರು. ಮನೆಗೆ ಹೊಸದಾಗಿ ಬಂದ ಸೊಸೆಗೆ ಮೊದಲ ದಿನವೇ ಇದನ್ನು ಹೇಳಿಕೊಡುತ್ತಾರೆ. ತಪ್ಪಿ ಬೋರಿನ ನೀರಿಗೆ ತೊಗರಿಬೇಳೆ ಹಾಕಿದರೆ ಮುಗೀತು. ಕುಕ್ಕರ್ ಎಷ್ಟು ಸೀಟಿ ಹೊಡೆದರೂ ಬೇಳೆ ಕರಗುವುದಿಲ್ಲ, ನೀರು ಒಂದು ಕಡೆ, ಬೇಳೆ ಒಂದು ಕಡೆ.

ಇದರಲ್ಲೊಂದು ತಮಾಷೆ ಇದೆ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಬೆಳೆ ಅನ್ನುವ ಭೌಗೋಳಿಕ ಗುರುತು, ಬಂತು. ಇಲ್ಲಿಯ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ, ಬೇಳೆಗೆ ಆ ರುಚಿ ಬರೋದು ಅದರಿಂದಲೇ ಅಂತ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಸರಿ. ಆದರೆ ಅದೇ ಸುಣ್ಣ ನೀರಿಗಿಳಿದರೆ ಅದೇ ಬೇಳೆ ಬೇಯಲು ಒಪ್ಪುವುದಿಲ್ಲ. ಬೇಳೆಯೊಳಗೆ ಪೆಕ್ಟಿನ್ ಅನ್ನೋ ಅಂಟು ಇರುತ್ತದೆ. ಬೇಯುವಾಗ ಅದು ಸಡಿಲವಾಗಬೇಕು. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಈ ಅಂಟನ್ನು ಹಿಡಿದು ಇನ್ನಷ್ಟು ಬಿಗಿ ಮಾಡುತ್ತದೆ. ಅವ್ವ ಚಿಟಿಕೆ ಸೋಡಾ ಹಾಕುತ್ತಿದ್ದುದು, ಬೇಳೆ ಬೆಂದ ಮೇಲೆಯೇ ಹುಣಸೆ ಹುಳಿ ಬಿಡುತ್ತಿದ್ದುದು ಇದೇ ಕಾರಣಕ್ಕೆ. ಅವಳಿಗೆ ಪೆಕ್ಟಿನ್ ಗೊತ್ತಿರಲಿಲ್ಲ, ನೀರು ಗೊತ್ತಿತ್ತು.

ಅಡುಗೆಮನೆಯಲ್ಲಿ ಇಷ್ಟು ಹುಷಾರಾಗಿರುವ ನಾವು ಮನೆ ಕಟ್ಟುವಾಗ ಏನು ಮಾಡುತ್ತೇವೆ ನೋಡಿ. ಎರಡೂ ನೀರನ್ನು ನೆಲದಡಿಯ ಒಂದೇ ಸಂಪ್ ತೊಟ್ಟಿಗೆ ಬಿಡುತ್ತೇವೆ. ಅಲ್ಲಿಂದ ಒಂದೇ ಟಾಕಿಗೆ ಹೊಡೆಯುತ್ತೇವೆ. ಗೀಜರಿಗೂ ಕಮೋಡಿಗೂ ಅದೇ ಪೈಪು. ಆ ಪೈಪನ್ನು ಗೋಡೆಯೊಳಗೆ ಹೂತು ಮೇಲೆ ಟೈಲ್ಸ್ ಹಚ್ಚುತ್ತೇವೆ. ನಾಲ್ಕು ವರ್ಷ ಕಳೆದ ಮೇಲೆ ಶವರಿನಲ್ಲಿ ನೀರು ಬರದಿದ್ದಾಗ ಪ್ಲಂಬರ್ ಸರಿ ಇರಲಿಲ್ಲ ಅಂತ ಬೈಯುತ್ತೇವೆ. ನನ್ನ ತಕರಾರು ಇದೇ. ಈ ಕಡೆಯ ನೀರನ್ನು ಗೆಲ್ಲೋಕಾಗಲ್ಲ. ಅದು ಎಲ್ಲೋ ಒಂದು ಕಡೆ ಕಟ್ಟಿಕೊಂಡೇ ಕಟ್ಟಿಕೊಳ್ಳುತ್ತದೆ. ಹಾಗಾಗಿ ಮನೆಯ ನೀರಿನ ಕೆಲಸವೆಲ್ಲ ಬಿಚ್ಚಲು, ತೊಳೆಯಲು, ಮತ್ತೆ ಕೂಡಿಸಲು ಬರುವಂತಿರಬೇಕು. ನಾವು ಕಟ್ಟುವ ಮನೆಗಳು ಹಾಗಿಲ್ಲ.

ಸುಣ್ಣ ಎಲ್ಲಿಂದ ಬರುತ್ತದೆ ಅಂತ ಕೇಳುವ ಅಗತ್ಯವೇ ಇಲ್ಲ, ರೈಲಿನಲ್ಲಿ ಕೂತು ವಾಡಿ ಕಡೆ ಹೋದರೆ ಕಿಟಕಿಯಲ್ಲೇ ಕಾಣುತ್ತದೆ. ಶಹಾಬಾದ್, ವಾಡಿ, ಚಿತ್ತಾಪುರ, ಮಳಖೇಡ, ಸೇಡಂ, ಇಷ್ಟೂ ಕಡೆ ನೆಲದಡಿ ಸುಣ್ಣದ ಕಲ್ಲಿನ ಹಾಸು. ಸಿಮೆಂಟ್ ಕಾರ್ಖಾನೆಗಳು ಸಾಲುಗಟ್ಟಿ ನಿಂತಿರುವುದು ಸುಮ್ನೆ ಅಲ್ಲ. ಕಲಬುರಗಿ ನಗರದ ಸುತ್ತ ಮುಖ್ಯವಾಗಿ ಕರಿಕಲ್ಲು, ಅಂದರೆ ಬಸಾಲ್ಟ್. ಅದರಲ್ಲೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಕಷ್ಟಿದೆ. ಮಳೆ ನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತು ಕಲ್ಲನ್ನೇ ಕರಗಿಸಿಕೊಳ್ಳುತ್ತದೆ. ನಾವು ಬೋರು ಹೊಡೆದು ಮೇಲೆತ್ತುವುದು ಅದನ್ನು. ಭೀಮಾ, ಬೆಣ್ಣೆತೊರೆ ನೀರೂ ತೀರಾ ಮೃದು ಅಂತೇನಲ್ಲ, ಆದರೆ ಬೋರಿನ ಮುಂದೆ ಎಷ್ಟೋ ವಾಸಿ.

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋದ ಅಳತೆ ಇದೆ. ಒಟ್ಟು ಗಡಸುತನ, ಅಂದರೆ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲೆಕ್ಕ, ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ಈ 600 ಅನ್ನುವುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಸಾವಿರ ಲೀಟರಿನ ಒಂದು ಟಾಕಿ ನೀರಿನಲ್ಲಿ 600 ಗ್ರಾಂ ಸುಣ್ಣದ ಕಲ್ಲಿಗೆ ಸಮನಾದ ಲವಣ ಕರಗಿರುತ್ತದೆ. ಅರ್ಧ ಕಿಲೋಗಿಂತ ಜಾಸ್ತಿ. ಪುಣ್ಯಕ್ಕೆ ಬಹುಪಾಲು ನೀರಿನ ಜೊತೆಯೇ ಹರಿದು ಹೋಗುತ್ತದೆ. ಉಳಿಯುವ ಚೂರುಪಾರು ಸಾಕು ನಮಗೆ.

ಇಂಥ ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಅಂತ ನಮ್ಮಲ್ಲಿ ಎಲ್ಲರೂ ನಂಬಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ ಗಡಸುತನಕ್ಕೆ ಆರೋಗ್ಯದ ಆಧಾರದ ಮೇಲೆ ಯಾವ ಮಿತಿಯನ್ನೂ ಹಾಕಿಲ್ಲ. ಬೋರಿನ ನೀರಿನಲ್ಲಿ ಫ್ಲೋರೈಡ್, ನೈಟ್ರೇಟ್ ಇದ್ದರೆ ಆ ಮಾತು ಬೇರೆ, ಅದನ್ನು ಲ್ಯಾಬಿನಲ್ಲೇ ನೋಡಿಸಬೇಕು. ಸುಣ್ಣದ ಮಟ್ಟಿಗೆ ಹೇಳುವುದಾದರೆ, ನಮ್ಮ ಹೊಟ್ಟೆಗಿಂತ ಜಾಸ್ತಿ ಕಷ್ಟಪಡುವುದು ನಮ್ಮ ಪೈಪು.

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಸೋದರಮಾವನ ಹಳೇ ಮನೆ ಇದೆ. ಅಲ್ಲಿ ಜಿಐ ಪೈಪು, ಅಂದರೆ ಸತುವು ಲೇಪಿಸಿದ ಕಬ್ಬಿಣದ ಪೈಪು ತೆಗೆದು ಹೊಸದು ಹಾಕಿಸುವಾಗ ನಾನೂ ಇದ್ದೆ. ನಮ್ಮ ಪ್ಲಂಬರ್ ಉಸ್ತಾದ್ ಹ್ಯಾಕ್ಸಾ ಬ್ಲೇಡಿನಿಂದ ಅರ್ಧ ಇಂಚಿನ ಪೈಪು ಕೊಯ್ದು ಒಂದು ತುಂಡನ್ನು ನನ್ನ ಕೈಗೆ ಕೊಟ್ಟ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ. ಒಳಗೆ ಮಾತ್ರ ಮರದ ಕಾಂಡ ಕೊಯ್ದಂತೆ ಸುತ್ತು ಮೇಲೆ ಸುತ್ತು. ಅಂಚಿಗೆ ತುಕ್ಕಿನ ಕೆಂಪು, ಅದರೊಳಗೆ ಹಳದಿ, ಅದರೊಳಗೆ ಬಿಳಿ, ಮತ್ತೆ ಸಣ್ಣದೊಂದು ಕೆಂಪು ಗೆರೆ. ನಟ್ಟನಡುವೆ ಪೆನ್ಸಿಲ್ ಕೂಡ ತೂರದಷ್ಟು ತೂತು. ಆ ತೂತಿನಲ್ಲಿ ನೀರು ಹರಿದು ಮೂರು ತಲೆಮಾರು ಸ್ನಾನ ಮಾಡಿದೆ. ಉಗುರಿನಿಂದ ಕೆರೆದೆ, ಜಪ್ಪಯ್ಯ ಅನ್ನಲಿಲ್ಲ. ಸುತ್ತಿಗೆಯಿಂದ ಬಡಿದಾಗ ಒಂದು ಚೂರು ಎದ್ದು ಬಂತು, ಮುರಿದ ಜಾಗ ಮಿಣಿಮಿಣಿ ಹೊಳೆಯುತ್ತಿತ್ತು. ಅಪ್ಪಟ ಕಲ್ಲು.

"ನೀರ್ ಬರಂಗಿಲ್ಲ ಅಂತ ಮ್ಯಾಲ ದೊಡ್ಡ ಟಾಕಿ ಕೂಡಿಸ್ಯಾರ ನೋಡ್ರಿ ಸರ," ಅಂದ ಉಸ್ತಾದ್. "ಟಾಕಿ ಏನ್ ಮಾಡ್ತದ್ರಿ ಪಾಪ, ಗಂಟಲಾ ಕಟ್ಯಾದ."

ಈಗಿನ ಸಿಪಿವಿಸಿ, ಯುಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪುಗಳಲ್ಲಿ ಇಷ್ಟು ಕಟ್ಟುವುದಿಲ್ಲ. ಒಳಗೆ ನುಣುಪು, ತುಕ್ಕು ಹಿಡಿಯುವ ಮಾತಿಲ್ಲ, ಸುಣ್ಣಕ್ಕೆ ಕಾಲೂರಲು ಜಾಗ ಕಡಿಮೆ. ಆದರೆ ಪೈಪು ಬದಲಾಯಿತು ಅಂದ ಮಾತ್ರಕ್ಕೆ ಸುಣ್ಣ ಊರು ಬಿಟ್ಟು ಹೋಗಲಿಲ್ಲ, ತಾನು ಕೂರುವ ಜಾಗ ಬದಲಿಸಿತು. ನೀರು ಬಿಸಿಯಾಗುವಲ್ಲಿ, ಒಣಗುವಲ್ಲಿ, ಸಣ್ಣ ತೂತಿನಲ್ಲಿ ನುಸುಳುವಲ್ಲಿ ಈಗ ಅದು ಬಂದು ಕೂರುತ್ತದೆ. ಅಂದರೆ ಗೀಜರು, ಶವರು, ನಳದ ಬಾಯಿಯ ಜಾಲರಿ, ಫ್ಲಶ್ ಟ್ಯಾಂಕಿನ ವಾಷರು, ವಾಷಿಂಗ್ ಮಷೀನಿಗೆ ನೀರು ಹೋಗುವಲ್ಲಿರುವ ಸಣ್ಣ ಜಾಲರಿ, ಬೇಸಿಗೆಯಲ್ಲಿ ಕೂಲರು.

ನಳದ ಬಾಯಿಯ ಜಾಲರಿಯಿಂದಲೇ ಶುರು ಮಾಡೋಣ, ಯಾಕಂದರೆ ಕಡಿಮೆ ಖರ್ಚಿನ ತೊಂದರೆ ಅದು. ಸಿಂಕಿನ ನಳದಲ್ಲಿ ನೀರು ಸೊರಗಿದರೆ ಹತ್ತರಲ್ಲಿ ಒಂಬತ್ತು ಸಲ ಅದೇ ಕಾರಣ. ಕೈಯಿಂದ ತಿರುವಿದರೆ ಬಿಚ್ಚುತ್ತದೆ. ಬಿಚ್ಚದಿದ್ದರೆ ಒಂದು ಪ್ಲಾಸ್ಟಿಕ್ ಚೀಲಕ್ಕೆ ಉಗುರುಬೆಚ್ಚಗಿನ ನೀರು, ಒಂದೆರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಹಾಕಿ, ನಳದ ಬಾಯಿ ಅದರಲ್ಲಿ ಮುಳುಗುವಂತೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಒಂದು ತಾಸು ಬಿಟ್ಟು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೆ ಸಾಕು. ರಾತ್ರಿಯೆಲ್ಲ ಬಿಡಬೇಡಿ, ಮೇಲಿನ ಹೊಳಪು ಹೋಗುತ್ತದೆ. ಶವರನ್ನು ಬಿಚ್ಚಿ ಬಕೆಟ್ಟಿನಲ್ಲೇ ನೆನೆಸಬಹುದು. ಇಷ್ಟಕ್ಕೆ ಪ್ಲಂಬರ್ ಬೇಕಿಲ್ಲ.

ಫ್ಲಶ್ ಟ್ಯಾಂಕಿನ ಕಳ್ಳತನ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಕೆಳಗಿನ ರಬ್ಬರ್ ವಾಷರಿನ ಮೇಲೆ ತೆಳ್ಳಗೆ ಸುಣ್ಣ ಕೂತರೆ ಅದು ಪೂರ್ತಿ ಮುಚ್ಚುವುದಿಲ್ಲ. ನೀರು ಸದ್ದಿಲ್ಲದೆ ಇಳಿಯುತ್ತಲೇ ಇರುತ್ತದೆ. ಮೇಲಿನ ಟಾಕಿ ಯಾಕೆ ಇಷ್ಟು ಬೇಗ ಖಾಲಿಯಾಯಿತು ಅಂತ ಮನೆಮಂದಿಯೆಲ್ಲ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಟ್ಯಾಂಕಿನಲ್ಲಿ ಸ್ವಲ್ಪ ಬಣ್ಣ ಕಲಸಿ, ಫ್ಲಶ್ ಮಾಡದೆ ಅರ್ಧ ತಾಸು ಬಿಟ್ಟು ನೋಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಕಳ್ಳ ಸಿಕ್ಕಂತೆ. ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಲ್ಲಿ ಇದು ಸಣ್ಣ ವಿಷಯ ಅಲ್ಲ ಅಲ್ವಾ?

ಇನ್ನು ಗೀಜರು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು.

ಸಕ್ಕರೆಯೋ ಉಪ್ಪೋ ಆದರೆ ಬಿಸಿ ನೀರಿನಲ್ಲಿ ಚೆನ್ನಾಗಿ ಕರಗುತ್ತವೆ. ಸುಣ್ಣ ಉಲ್ಟಾ. ನೀರು ಬಿಸಿಯಾದಷ್ಟೂ ಅದು ಹೊರಗೆ ಬೀಳುತ್ತದೆ. ನೀರಿನಲ್ಲಿ ಬೈಕಾರ್ಬೊನೇಟ್ ಆಗಿ ಕರಗಿದ್ದದ್ದು ಕಾವಿಗೆ ಒಡೆದು, ಇಂಗಾಲದ ಡೈಆಕ್ಸೈಡ್ ಗಾಳಿಯಾಗಿ ಮೇಲೆ ಹೋಗಿ, ಕಲ್ಲು ಕೆಳಗುಳಿಯುತ್ತದೆ. ಗೀಜರಿನಲ್ಲಿ ಎಲ್ಲಕ್ಕಿಂತ ಬಿಸಿ ಜಾಗ ಯಾವುದು? ಕಾಯಿಲ್. ಹಾಗಾಗಿ ಮೊದಲ ಪದರ ಅದರ ಮೈಮೇಲೇ ಕೂರುತ್ತದೆ. ಆ ಪದರ ಕಾವನ್ನು ನೀರಿಗೆ ಬಿಡುವುದಿಲ್ಲ. ಕಾಯಿಲ್ ಒಳಗೊಳಗೇ ಕಾಯುತ್ತದೆ, ನೀರು ಬಿಸಿಯಾಗಲು ಮೊದಲಿಗಿಂತ ತಡವಾಗಬಹುದು, ಕರೆಂಟ್ ಬಿಲ್ ಏರಬಹುದು, ಕೊನೆಗೊಂದು ದಿನ ಕಾಯಿಲ್ ಸುಟ್ಟು ಎಂಸಿಬಿ ಬೀಳುತ್ತದೆ. ಅದಕ್ಕೂ ಮುಂಚೆ ಗೀಜರು ಹೇಳಿ ನೋಡುತ್ತದೆ. ಆನ್ ಮಾಡಿದಾಗ ಒಳಗಿಂದ ಟಪ್ ಟಪ್, ಗುಡುಗುಡು ಅಂತ ಸದ್ದು ಬರುತ್ತದೆ. ಸುಣ್ಣದ ಪದರದಡಿ ಸಿಕ್ಕಿಕೊಂಡ ನೀರು ಆವಿಯಾಗಿ ಸಿಡಿಯುವ ಸದ್ದು ಅದು. ನಮ್ಮ ಓಣಿಯಲ್ಲಿ ಬಹಳ ಜನ ಇದನ್ನು 'ಗೀಜರು ಚೆನ್ನಾಗಿ ಕಾಯ್ತಾ ಇದೆ' ಅಂದುಕೊಂಡಿದ್ದಾರೆ.

ಉಸ್ತಾದ್ ನಮ್ಮ ಮನೆಯ ಗೀಜರು ತೆರೆದದ್ದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಮೊದಲು ಮೇನ್ ಆಫ್, ಆಮೇಲೆ ಗೋಡೆಯಲ್ಲಿರುವ ಸಣ್ಣ ವಾಲ್ವ್, ಅಂದರೆ ಆ್ಯಂಗಲ್ ಕಾಕ್ ಬಂದ್. ಕೆಳಗಿನಿಂದ ನೀರು ಖಾಲಿ ಮಾಡಿ, ಗೀಜರನ್ನು ಇಳಿಸಿ ನೆಲದ ಪರಸಿ ಕಲ್ಲಿನ ಮೇಲೆ ಗೋಣಿಚೀಲ ಹಾಸಿ ಮಲಗಿಸಿದ. ತಳದ ನಟ್ಟುಗಳನ್ನು ಪಾನಾ ಹಾಕಿ ಒಂದೊಂದೇ ಬಿಚ್ಚಿ, ಕಾಯಿಲನ್ನು ಹಿಡಿದು ಎಳೆದ. ಬರಲಿಲ್ಲ. ಕಾಯಿಲಿನ ಮೈ ಅಷ್ಟು ದಪ್ಪವಾಗಿ, ಹೋದ ತೂತಿನಲ್ಲಿ ವಾಪಸ್ ಬರದಷ್ಟಾಗಿತ್ತು. ಸ್ಕ್ರೂಡ್ರೈವರ್ ತೂರಿಸಿ ಒಳಗೇ ಕುಟ್ಟಿ ಕುಟ್ಟಿ ಚೂರು ಉದುರಿಸಿದ ಮೇಲೆ ಹೊರಗೆ ಬಂತು. ಗೀಜರು ಬೋರಲು ಹಾಕಿದರೆ ಹಪ್ಪಳದ ಚೂರಿನಷ್ಟು ತೆಳ್ಳಗಿನ ಬಿಳಿ ಹಕ್ಕಳೆಗಳು ಬಕೆಟ್ಟಿಗೆ ಸುರಿದವು. ಬಕೆಟ್ ಎತ್ತಿದರೆ ಕೈ ಜಗ್ಗುತ್ತಿತ್ತು. ಕಾಯಿಲಿನ ಪಕ್ಕ ಒಂದು ಮೆಗ್ನೀಸಿಯಂ ಸಲಾಕೆ ಇರಬೇಕು. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಅದು ಪೂರ್ತಿ ಸವೆದು ಬರೀ ತಂತಿ ಉಳಿದಿತ್ತು.

"ಇದು ಹೋಗ್ಯಾದ ಅಂದ್ರ ಮುಂದ ಟಾಕಿ ತೂತ್ ಬೀಳ್ತದ್ರಿ ಸರ. ಕಾಯಿಲ್ ಎಲ್ಲಾರೂ ಕೇಳ್ತಾರ, ಇದನ್ನ ಯಾರೂ ಕೇಳಂಗಿಲ್ಲ."

ಅವನು ಇನ್ನೊಂದನ್ನೂ ತೋರಿಸಿದ. ನೀರು ಒಳಗೆ ಬರುವಲ್ಲಿ ಒಂದು ಸೇಫ್ಟಿ ವಾಲ್ವ್ ಇರುತ್ತದೆ. ಒಳಗಿನ ಒತ್ತಡ ಮಿತಿ ಮೀರಿದರೆ ಅದು ನೀರನ್ನು ಹೊರಗೆ ಬಿಡಬೇಕು. ಅದರಿಂದ ಆಗಾಗ ಎರಡು ಹನಿ ಬಿದ್ದರೆ ಮನೆಯವರಿಗೆ ತಡೆಯಲ್ಲ, ಎಂ-ಸೀಲ್ ಹಚ್ಚಿ ಮುಚ್ಚಿಬಿಡುತ್ತಾರೆ. ಮುಚ್ಚದಿದ್ದರೂ ಸುಣ್ಣ ಕಟ್ಟಿ ತಾನೇ ಮುಚ್ಚಿಕೊಳ್ಳಬಹುದು. ಗೀಜರಿನ ಸರ್ವಿಸ್ ಅಂದರೆ ಕಾಯಿಲ್ ಒಂದೇ ಅಲ್ಲ, ಈ ವಾಲ್ವ್ ಕೆಲಸ ಮಾಡುತ್ತಿದೆಯಾ ಅಂತ ನೋಡುವುದೂ ಹೌದು. ಇದರಲ್ಲಿ ಉದಾಸೀನ ಮಾಡಬೇಡಿ. ಜೀವದ ಪ್ರಶ್ನೆ.

ಥರ್ಮೋಸ್ಟಾಟನ್ನು ಸ್ವಲ್ಪ ಇಳಿಸಿ ಇಟ್ಟರೆ ಸುಣ್ಣ ಬೀಳುವುದು ಕಡಿಮೆಯಾಗುತ್ತದೆ. ಕಲಬುರಗಿಯಲ್ಲಿ ಕುದಿಯುವ ನೀರಿನ ಸ್ನಾನ ಬೇಕಾಗುವುದಾದರೂ ಎಷ್ಟು ದಿನ? ಮಾರ್ಚ್ ದಾಟಿದರೆ ಮೇಲಿನ ಟಾಕಿಯೇ ಗೀಜರು. ಮಧ್ಯಾಹ್ನ ನಳ ಬಿಟ್ಟರೆ ಕೈ ಸುಡುತ್ತದೆ. ಸೋಲಾರ್ ಹಾಕಿಸುವವರಿಗೂ ಒಂದು ಮಾತು. ತಾಮ್ರದ ಸಣ್ಣ ಕೊಳವೆಗಳಿರುವ ಚಪ್ಪಟೆ ಪ್ಯಾನೆಲಿನದು ನಮ್ಮ ನೀರಿಗೆ ಬೇಗ ಕಟ್ಟಿಕೊಳ್ಳುತ್ತದೆ. ಗಾಜಿನ ಟ್ಯೂಬಿನದು ಅದಕ್ಕಿಂತ ತಾಳುತ್ತದೆ, ತೊಳೆಯುವುದೂ ಸುಲಭ.

ಈಗ ಪ್ಲಂಬರುಗಳ ವಿಷಯ. ಅವರ ಬಗ್ಗೆ ದೂರು ಹೇಳದ ಮನೆ ನಮ್ಮಲ್ಲಿಲ್ಲ. ಹತ್ತು ನಿಮಿಷದಲ್ಲಿ ಬಂದೆ ಅಂತಾನೆ, ಸಂಜೆಗೂ ಬರಲ್ಲ. ವಾಷರ್ ಹತ್ತು ರೂಪಾಯಿ, ಅವನು ಇನ್ನೂರು ಕೇಳ್ತಾನೆ. ಎಲ್ಲ ನಿಜ. ಆದರೆ ಅವರ ಕಡೆಯಿಂದಲೂ ಒಮ್ಮೆ ನೋಡಿ. ಪ್ಲಂಬಿಂಗ್‌ಗೆ ಐಟಿಐನಲ್ಲಿ ಒಂದು ವರ್ಷದ ಕೋರ್ಸ್ ಇದೆ. ನಮ್ಮೂರಲ್ಲಿ ಕೆಲಸ ಮಾಡುವ ಹೆಚ್ಚಿನವರು ಅದನ್ನು ಓದಿದವರಲ್ಲ, ಒಬ್ಬ ಉಸ್ತಾದನ ಕೈಕೆಳಗೆ ಪೈಪು ಹೊತ್ತು ಕಲಿತವರು. ಒಳ್ಳೆಯ ಉಸ್ತಾದ್ ಸಿಕ್ಕವನು ಒಳ್ಳೆಯ ಪ್ಲಂಬರ್. ಕೈ ಪಳಗಿದ ಮೇಲೆ ಹುಡುಗರು ಹೈದರಾಬಾದ್, ಪುಣೆ, ಬೆಂಗಳೂರು ಅಂತ ಹೊರಟುಬಿಡುತ್ತಾರೆ, ಅಲ್ಲಿ ಕೂಲಿ ಜಾಸ್ತಿ. ಉಳಿದವರ ಫೋನ್ ನಂಬರ್ ಹಾರ್ಡ್‌ವೇರ್ ಅಂಗಡಿಯ ಗೋಡೆ ಮೇಲೆ ಬರೆದಿರುತ್ತದೆ.

ಅಂಗಡಿಯ ಮೂಲಕ ಬಂದವನಿಗೆ ಸಾಮಾನು ಮಾರಾಟವಾದರೆ ಕಮಿಷನ್. ತೊಳೆದು ಕೂಡಿಸಿದರೆ ಏನೂ ಇಲ್ಲ. ನಳದೊಳಗಿನ ಕಾರ್ಟ್ರಿಜ್ ಬಿಚ್ಚಿ ಸುಣ್ಣ ತೆಗೆದು ಮತ್ತೆ ಹಾಕಲು ಮುಕ್ಕಾಲು ತಾಸು ಬೇಕು. ಅದಕ್ಕೆ ನಾವು ಕೊಡೋದು ಎಷ್ಟು? 'ಏನೂ ಹಾಕಿಲ್ಲವಲ್ಲಪ್ಪಾ' ಅಂತ ಐವತ್ತು ರೂಪಾಯಿ ಕೈಗಿಡುತ್ತೇವೆ. ಹೊಸ ನಳ ಹಾಕಿದರೆ ಮಾತ್ರ ಕೇಳಿದ್ದು ಕೊಡುತ್ತೇವೆ. ಹೀಗಿದ್ದರೆ ಯಾರು ತೊಳೆಯುತ್ತಾರೆ? 'ಇದು ಹೋಗ್ಯಾದ್ರಿ, ಹೊಸಾದ ಹಾಕ್ಬೇಕು' ಅನ್ನುವ ಮಾತನ್ನು ಅವರ ಬಾಯಿಗೆ ಹಾಕಿದವರು ನಾವೇ. ನಾನು ನಮ್ಮ ಉಸ್ತಾದನ ಜೊತೆ ಬೇರೆ ಲೆಕ್ಕ ಇಟ್ಟಿದ್ದೇನೆ. ದೀಪಾವಳಿಗೆ ಮುಂಚೆ ಒಮ್ಮೆ, ಯುಗಾದಿಗೆ ಮುಂಚೆ ಒಮ್ಮೆ ಬರುತ್ತಾನೆ. ಏನೂ ಕೆಡದಿದ್ದರೂ ಬರುತ್ತಾನೆ. ಗೀಜರು, ಫ್ಲಶ್, ಮೋಟಾರಿನ ಫುಟ್ ವಾಲ್ವ್, ಟಾಕಿಯ ಬಾಲ್ ಕಾಕ್, ಎಲ್ಲ ನೋಡಿ ತೊಳೆದು ಹೋಗುತ್ತಾನೆ. ಅರ್ಧ ದಿನದ ಕೂಲಿ, ಸಾಮಾನಿನ ಮಾತೇ ಇಲ್ಲ. ಓಣಿಯವರಿಗೆ ಇದು ದುಂದು ಅನ್ನಿಸುತ್ತದೆ. ಅನ್ನಿಸಲಿ.

ನಾವೇ ಮಾಡಬಹುದಾದ ಕೆಲಸ ಒಂದಿದೆ, ಪೈಸೆ ಖರ್ಚಿಲ್ಲ. ತಿಂಗಳಿಗೊಮ್ಮೆ ಮನೆಯ ಎಲ್ಲ ವಾಲ್ವ್, ಆ್ಯಂಗಲ್ ಕಾಕ್‌ಗಳನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕು. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ವಾಲ್ವ್ ಸುಣ್ಣ ಹಿಡಿದು ಅಲ್ಲೇ ಕಲ್ಲಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಪೈಪು ಒಡೆದಾಗ ಅದನ್ನು ತಿರುವಲು ಹೋದರೆ ಹಿಡಿಕೆ ಕೈಗೆ ಬರುತ್ತದೆ.

ಸುಣ್ಣ ತೆಗೆಯಲು ಜನ ಬಳಸುವ ಆ್ಯಸಿಡ್ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧ. ಬಚ್ಚಲಲ್ಲಿ ಬಿಳಿ ಕಲೆ ಕಂಡ ಕೂಡಲೇ ಅಂಗಡಿಯಿಂದ ಬಾಟಲಿ ತಂದು ಸುರಿಯುವುದು ನಮ್ಮಲ್ಲಿ ರೂಢಿ. ಬುಸ್ಸೆಂದು ನೊರೆ ಬರುತ್ತದೆ, ಕಲೆ ಹೋಗುತ್ತದೆ, ಖುಷಿಯಾಗುತ್ತದೆ. ಆದರೆ ನಮ್ಮ ನೆಲ ಯಾವುದು? ಶಹಾಬಾದ್ ಪರಸಿ. ಅದೂ ಸುಣ್ಣದ ಕಲ್ಲೇ. ನಳದ ಮೇಲಿನ ಕಲೆಯೂ ಕಾಲಡಿಯ ಕಲ್ಲೂ ಹೆಚ್ಚುಕಡಿಮೆ ಒಂದೇ ವಸ್ತು. ಒಂದನ್ನು ಕರಗಿಸುವುದು ಇನ್ನೊಂದನ್ನೂ ಕರಗಿಸುತ್ತದೆ. ಆ ನೊರೆಯಲ್ಲಿ ಅರ್ಧ ನಿಮ್ಮ ನೆಲದ್ದು. ನುಣ್ಣಗಿದ್ದ ಪರಸಿ ತರಿತರಿಯಾಗುತ್ತದೆ, ತರಿಯಾದ ಜಾಗದಲ್ಲಿ ಮುಂದಿನ ಸಲ ಕೊಳೆ, ಸುಣ್ಣ ಎರಡೂ ಬೇಗ ಕೂರುತ್ತವೆ, ಮತ್ತೆ ಆ್ಯಸಿಡ್. ಟೈಲ್ಸ್ ನಡುವಿನ ಸಿಮೆಂಟಿಗೂ ಇದೇ ಗತಿ, ಅಲ್ಲಿಂದ ನೀರು ಇಳಿದು ಕೆಳಗಿನ ಕೋಣೆಯ ತಾರಸಿ ಒದ್ದೆಯಾದಾಗ ಪೈಪು ಲೀಕ್ ಅಂತ ಗೋಡೆ ಒಡೆಸುತ್ತಾರೆ. ಇನ್ನೊಂದು ಮಾತು, ತಮಾಷೆಯಲ್ಲ. ಆ್ಯಸಿಡ್ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಯಾವತ್ತೂ ಹಾಕಬೇಡಿ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಕಿಟಕಿ ಇಲ್ಲದ ಬಚ್ಚಲಲ್ಲಿ ಅದು ಉಸಿರನ್ನೇ ಕಟ್ಟಿಸುತ್ತದೆ.

ಸಾಫ್ಟ್‌ನರ್ ಹಾಕಿಸಲಾ ಅಂತ ಬಹಳ ಜನ ಕೇಳುತ್ತಾರೆ. ಅದು ಕೆಲಸ ಮಾಡುತ್ತದೆ. ಅದರೊಳಗಿನ ರೆಸಿನ್ ಕಾಳುಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಹಿಡಿದು ಹಿಡಿದು ತುಂಬಿದಾಗ ಉಪ್ಪಿನ ನೀರಿನಿಂದ ತೊಳೆಯಬೇಕು. ಉಪ್ಪು ಹಾಕುವುದನ್ನು ಮರೆತರೆ ಅದು ಸುಮ್ನೆ ಒಂದು ಡ್ರಮ್ಮು. ನಾನು ನೋಡಿದ ಮನೆಗಳಲ್ಲಿ ಬಹಳಷ್ಟು ಡ್ರಮ್ಮುಗಳೇ. ಹಾಕಿಸುವುದಾದರೆ ಗೀಜರು, ವಾಷಿಂಗ್ ಮಷೀನಿಗೆ ಹೋಗುವ ಲೈನಿಗೆ ಮಾತ್ರ ಹಾಕಿಸಿ. ಗಿಡಕ್ಕೆ, ಫ್ಲಶ್ಶಿಗೆ ಬೇಡ. ಸೋಡಿಯಂ ಸೇರಿದ ನೀರು ಗಿಡಕ್ಕೆ ಒಳ್ಳೇದಲ್ಲ, ಬಿಪಿ ಇದ್ದು ಉಪ್ಪು ಬಿಟ್ಟವರು ಕುಡಿಯಲೂ ಬಾರದು. ಪೈಪಿಗೆ ಸುತ್ತುವ ಮ್ಯಾಗ್ನೆಟ್ ಮಾರುವವರೂ ಬರುತ್ತಾರೆ. ಅದರಿಂದ ಸುಣ್ಣ ಹೋಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ, ನಾನಂತೂ ದುಡ್ಡು ಹಾಕುವುದಿಲ್ಲ.

ಇದಕ್ಕಿಂತ ಮಜಾ ಅಂದರೆ ಫಿಲ್ಟರ್ ಮಾರುವವರ ಆಟ. ಎರಡು ಲೋಟ ಇಡುತ್ತಾರೆ, ಒಂದರಲ್ಲಿ ನಿಮ್ಮ ನೀರು, ಇನ್ನೊಂದರಲ್ಲಿ ಅವರ ಆರ್‌ಓ ನೀರು. ಕರೆಂಟಿನ ಕಡ್ಡಿಗಳನ್ನು ಅದ್ದುತ್ತಾರೆ. ನಿಮ್ಮ ಲೋಟ ನೋಡನೋಡುತ್ತಲೇ ಕಂದು ಕೆಸರಾಗುತ್ತದೆ, ಅವರದು ತಿಳಿಯಾಗಿಯೇ ಇರುತ್ತದೆ. ಮನೆಯವರ ಮುಖ ಬಿಳುಚಿಕೊಳ್ಳುತ್ತದೆ. ಆ ಕೆಸರು ನೀರಿನದಲ್ಲ ಸ್ವಾಮಿ, ಕಬ್ಬಿಣದ ಕಡ್ಡಿ ಕರಗಿ ಬಂದದ್ದು. ಲವಣ ಇರುವ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಕಡ್ಡಿ ಕರಗುತ್ತದೆ. ಆರ್‌ಓ ನೀರಿನಲ್ಲಿ ಕರೆಂಟ್ ಅಷ್ಟಾಗಿ ಹರಿಯಲ್ಲ, ಕಡ್ಡಿ ಹಾಗೇ ಇರುತ್ತದೆ. ಅವರ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಮಾಡಿ ತೋರಿಸಪ್ಪಾ ಅನ್ನಿ, ಚೀಲ ಕಟ್ಟುತ್ತಾರೆ. ಅವರ ಕೈಯ ಟಿಡಿಎಸ್ ಮೀಟರ್ ಕೂಡ ಗಡಸುತನ ಹೇಳುವುದಿಲ್ಲ, ಒಟ್ಟು ಲವಣದ ಅಂದಾಜು ಅಷ್ಟೇ. ಸಾಫ್ಟ್‌ನರ್ ಹಾಕಿಸಿದ ಮೇಲೂ ಟಿಡಿಎಸ್ ಇಳಿದಿಲ್ಲ ಅಂತ ಜಗಳ ಮಾಡುವವರಿದ್ದಾರೆ. ಇಳಿಯುವುದೇ ಇಲ್ಲ, ಒಂದು ಲವಣ ಹೋಗಿ ಇನ್ನೊಂದು ಬಂದಿರುತ್ತದೆ.

ಬೀದರಿಗೆ ಹೋದಾಗ ನೌಬಾದ್ ಕಡೆಯ ಸುರಂಗ ಬಾವಿ ನೋಡಿ ಬನ್ನಿ. ಬಹಮನಿ ಸುಲ್ತಾನರ ಕಾಲದ್ದು, ಹದಿನೈದನೇ ಶತಮಾನದ್ದು. ಕರೇಜ್ ಅಂತಲೂ ಕರೆಯುತ್ತಾರೆ, ಪರ್ಶಿಯಾ ಕಡೆಯಿಂದ ಬಂದ ವಿದ್ಯೆ. ನೆಲದೊಳಗೆ ಸುರಂಗ ಕೊರೆದು ಊಟೆಯ ನೀರನ್ನು ಸಣ್ಣ ಇಳಿಜಾರಿನಲ್ಲಿ ಹರಿಸಿದ್ದಾರೆ. ಎಲ್ಲರೂ ಸುರಂಗ ನೋಡಿ ಬೆರಗಾಗುತ್ತಾರೆ. ನನಗೆ ಹಿಡಿಸಿದ್ದು ದಾರಿಯುದ್ದಕ್ಕೂ ಮೇಲಿನಿಂದ ಕೆಳಗಿಳಿಸಿರುವ ಬಾವಿಯಂಥ ಬಾಯಿಗಳು. ಅಗೆಯುವಾಗ ಮಣ್ಣು ಎತ್ತಲು, ಗಾಳಿಯಾಡಲು, ಮುಂದೆ ಹೂಳು ತುಂಬಿದರೆ ಆಳು ಇಳಿದು ತೆಗೆಯಲು. ನೀರು ಹರಿಯುವ ದಾರಿ ಮುಂದೊಂದು ದಿನ ಕಟ್ಟಿಕೊಳ್ಳುತ್ತದೆ ಅಂತ ಕಟ್ಟುವ ದಿನವೇ ಅವರಿಗೆ ಗೊತ್ತಿತ್ತು. ನಮ್ಮ ಸೇಡಂ ರೋಡು, ಜೇವರ್ಗಿ ರೋಡಿನ ಹೊಸ ಮನೆಗಳ ಬಚ್ಚಲಲ್ಲಿ ಕೈ ತೂರಿಸಲು ಒಂದು ಕಿಂಡಿ ಇಲ್ಲ. ನೀರನ್ನು ನಳಕ್ಕೋ ಶವರಿಗೋ ತಿರುಗಿಸುವ ಡೈವರ್ಟರ್ ಗೋಡೆಯೊಳಗೆ. ಕಮೋಡಿನ ಟ್ಯಾಂಕೂ ಈಗ ಗೋಡೆಯೊಳಗೆ, ನೋಡಲು ಚಂದ ಅಂತ. ಕೆಟ್ಟ ದಿನ ಟೈಲ್ಸ್ ಒಡೆಯಬೇಕಾಗಬಹುದು, ಅದೇ ಬಣ್ಣದ ಟೈಲ್ಸ್ ಮತ್ತೆ ಸಿಗುವುದಿಲ್ಲ.

ಮನೆ ಕಟ್ಟಿಸುತ್ತಿರುವ ಗೆಳೆಯರು ಕೇಳಿದಾಗ ನಾನು ಹೇಳುವುದು ಇಷ್ಟು. ಟಾಕಿ ಎರಡು ಮಾಡಿ, ಹೊಳೆ ನೀರಿಗೊಂದು, ಬೋರಿಗೊಂದು. ಅಡುಗೆಮನೆ ಮತ್ತು ಗೀಜರಿಗೆ ಹೊಳೆ ನೀರಿನ ಲೈನ್ ಎಳೆಯಿರಿ. ಗೀಜರಿಗೆ ದಿನಕ್ಕೆ ಬೇಕಾಗುವುದು ಕೆಲವೇ ಬಕೆಟ್, ಪಾಲಿಕೆ ನೀರು ತಡವಾದಾಗಲೂ ಟಾಕಿಯಲ್ಲಿ ಅಷ್ಟು ಉಳಿದಿರುತ್ತದೆ. ಫ್ಲಶ್ಶಿಗೆ, ಅಂಗಳಕ್ಕೆ ಬೋರು ಸಾಕು. ಎರಡರ ನಡುವೆ ಬದಲಿಸಲು ಒಂದು ವಾಲ್ವ್ ಇರಲಿ. ಆದರೆ ಪಾಲಿಕೆಯ ಲೈನಿಗೇ ಮೋಟಾರು ಹಚ್ಚಬೇಡಿ. ಅದು ತಪ್ಪು ಅನ್ನುವುದು ಒಂದು ಕಡೆ, ಪೈಪಿನಲ್ಲಿ ಎಲ್ಲಾದರೂ ಬಿರುಕಿದ್ದರೆ ಚರಂಡಿಯ ನೀರನ್ನೂ ಎಳೆದುಕೊಳ್ಳುತ್ತದೆ. ಪ್ರತಿ ಬಚ್ಚಲಿಗೂ ಬೇರೆ ವಾಲ್ವ್ ಕೊಡಿಸಿ. ಗೀಜರಿನ ಎರಡೂ ಕಡೆ ಯೂನಿಯನ್, ಅಂದರೆ ಬಿಚ್ಚಿ ಕೂಡಿಸಲು ಬರುವ ಜಾಯಿಂಟ್ ಹಾಕಿಸಿ, ಪೈಪು ಕೊಯ್ಯದೆ ಇಳಿಸಲು ಬರುತ್ತದೆ. ಬಿಸಿ ನೀರಿನ ಲೈನಿಗೆ ಸಿಪಿವಿಸಿಯೇ ಹಾಕಿದ್ದಾರಾ ಅಂತ ಕಣ್ಣಾರೆ ನೋಡಿ, ಸಾದಾ ಪಿವಿಸಿ ಕಾವಿಗೆ ಮೆತ್ತಗಾಗುತ್ತದೆ.

ಬೇಸಿಗೆಗೆ ಕೂಲರ್ ಹೊರಗೆ ತೆಗೆದಾಗ ಅದಕ್ಕೂ ಹೊಳೆ ನೀರೇ ಹಾಕಿ, ಎರಡು ಮೂರು ದಿನಕ್ಕೊಮ್ಮೆ ತಳದ ನೀರನ್ನು ಪೂರ್ತಿ ಚೆಲ್ಲಿ. ನೀರು ಆರಿ ಹೋಗುತ್ತದೆ, ಸುಣ್ಣ ಎಲ್ಲಿಗೆ ಹೋಗಬೇಕು? ತಳದಲ್ಲಿ ಗಟ್ಟಿಯಾಗುತ್ತಾ ಹೋಗಿ ಪ್ಯಾಡು, ಪಂಪು ಎರಡನ್ನೂ ಹಿಡಿಯುತ್ತದೆ.

ಟೈಲ್ಸ್ ಹಚ್ಚುವ ಹಿಂದಿನ ದಿನ ಮೊಬೈಲ್ ತೆಗೆದುಕೊಂಡು ಬಚ್ಚಲಿನ ನಾಲ್ಕೂ ಗೋಡೆಯ ಫೋಟೋ ತೆಗೆಯಿರಿ. ಸುಮ್ನೆ ತೆಗೆದರೆ ಪ್ರಯೋಜನವಿಲ್ಲ. ಅಳತೆಯ ಟೇಪನ್ನು ನೆಲದಿಂದ ಮೇಲಕ್ಕೆ ಹಿಡಿದು ಒಂದು, ಮೂಲೆಯಿಂದ ಅಡ್ಡ ಹಿಡಿದು ಒಂದು. ಪೈಪು ಎಷ್ಟು ಎತ್ತರದಲ್ಲಿದೆ, ಎಲ್ಲಿ ತಿರುಗಿದೆ, ಜಾಯಿಂಟ್ ಎಲ್ಲಿದೆ ಅನ್ನುವುದು ಅಂಕಿ ಸಮೇತ ಕಾಣಬೇಕು. ಗೀಜರು ನೇತುಹಾಕಲು ಡ್ರಿಲ್ ಹೊಡೆಯುವ ಹುಡುಗನಿಗೆ ಮೊದಲು ಆ ಫೋಟೋ ತೋರಿಸಿ. ಒಂದು ಪ್ರತಿಯನ್ನು ಪ್ಲಂಬರಿನ ವಾಟ್ಸ್ಯಾಪಿಗೂ ಕಳಿಸಿ, ನಿಮ್ಮ ಮೊಬೈಲ್ ಅಷ್ಟರಲ್ಲಿ ಬದಲಾಗಿರುತ್ತದೆ.